ದೊಡ್ಡಮ್ಮನ ಮುಖದ ಮೇಲಿನ ರವೆ

ಸಿಟ್ಟು ಬರುವುದು ದೊಡ್ಡ ಸಂಗತಿಯಲ್ಲ, ಬಂದ ಸಿಟ್ಟಿಗೆ ಒಬ್ಬರಾದರೂ ಜೊತೆ ಸಿಗಬೇಕು. ಹೆದ್ದಾರಿಯ ಹೊಂಡದ ಮೇಲೆ ಸಿಟ್ಟು ಬಂದವನಿಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಜೊತೆಯಾಗುತ್ತಾನೆ. ತೆಂಗಿನಕಾಯಿಯ ಕ್ರಯದ ಮೇಲೆ ಸಿಟ್ಟು ಬಂದವನಿಗೆ ಸಂತೆಗೆ ಸಂತೆಯೇ ಜೊತೆಯಾಗುತ್ತದೆ. ನನ್ನ ಸಿಟ್ಟು ಮಾತ್ರ ಹುಟ್ಟಿದಂದಿನಿಂದ ಅನಾಥ. ನನಗೆ ಸಿಟ್ಟು ಬರುವುದು ಫೋಟೋಗಳನ್ನು ಹಿಂಡಿ ಹಿಪ್ಪೆ ಮಾಡಿ ಒಬ್ಬರಿಂದೊಬ್ಬರಿಗೆ ಕಳುಹಿಸುವವರ ಮೇಲೆ. ಇದನ್ನು ನಾನು ಉದ್ಯಾವರದಿಂದ ಮಣಿಪಾಲಕ್ಕೆ ದಿನವೂ ಹೋಗುವ ಬಸ್ಸಿನಲ್ಲಿ ಹಲವರಿಗೆ ವಿವರಿಸಿ ನೋಡಿದ್ದೇನೆ. ಕೇಳಿದವರು ಮೊದಲು ತಲೆಯಾಡಿಸುತ್ತಾರೆ, ಆಮೇಲೆ ಕಿಟಕಿಯ ಹೊರಗೆ ನೋಡುತ್ತಾರೆ, ಕೊನೆಗೆ ತಮ್ಮ ಸ್ಟಾಪು ಬರುವ ಮೊದಲೇ ಇಳಿದುಬಿಡುತ್ತಾರೆ. ನೀವು ಇಳಿಯುವ ಹಾಗಿಲ್ಲ, ಓದಲು ಕೂತಿದ್ದೀರಿ. ಆದ್ದರಿಂದ ನಿಮಗೆ ಹೇಳುತ್ತೇನೆ.

ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಲೆಕ್ಕ ನೋಡುವವನು. ಫೋಟೋ ತೆಗೆಯುವುದು ನನ್ನ ಹವ್ಯಾಸ. ಹವ್ಯಾಸ ಎಂಬುದು ನನ್ನ ಶಬ್ದ. ನನ್ನ ಹೆಂಡತಿ ಶಶಿಕಲಾ ಇದನ್ನು 'ಇವರ ಆ ಒಂದು' ಎಂದು ಕರೆಯುತ್ತಾಳೆ, ಕೆಮ್ಮು ದಮ್ಮು ಇದ್ದವರ ಬಗ್ಗೆ ಹೇಳುವ ಧ್ವನಿಯಲ್ಲಿ. ನನ್ನ ಕ್ಯಾಮೆರಾ ಫೋಟೋವನ್ನು ಎರಡು ಬಗೆಯಲ್ಲಿ ಕೊಡುತ್ತದೆ. ತಾನು ಕಂಡದ್ದನ್ನು ಒಂದಿಷ್ಟೂ ಬಿಡದೆ ಇದ್ದ ಹಾಗೆಯೇ ಕಟ್ಟಿಕೊಡುವುದು ಒಂದು ಬಗೆ. ಅದಕ್ಕೆ ರಾ ಫೈಲು ಎನ್ನುತ್ತಾರೆ. ಅದು ಗಾತ್ರದಲ್ಲಿ ದೊಡ್ಡದು, ನೋಡಲು ಸಪ್ಪೆ, ಕಂಪ್ಯೂಟರಿನಲ್ಲಿ ಕೂತು ಹದ ಮಾಡಿಕೊಳ್ಳಬೇಕು. ಇನ್ನೊಂದು ಬಗೆಯಲ್ಲಿ, ಯಾವುದು ಬೇಕು ಯಾವುದು ಬೇಡ ಎಂದು ಕ್ಯಾಮೆರಾವೇ ತೀರ್ಮಾನಿಸಿ, ಬೇಡದ್ದನ್ನು ಎಸೆದು, ಉಳಿದದ್ದನ್ನು ಚೆಂದ ಮಾಡಿ ಸಣ್ಣ ಪೊಟ್ಟಣ ಕಟ್ಟಿಕೊಡುತ್ತದೆ. ಅದು ಜೆಪೆಗ್ಗು. ಆ ಪೊಟ್ಟಣವನ್ನು ವಾಟ್ಸಾಪಿನಲ್ಲಿ ಹಾಕಿದರೆ ಇನ್ನೊಮ್ಮೆ ಹಿಂಡಿ ಇನ್ನೂ ಸಣ್ಣದಾಗುತ್ತದೆ. ಮೀನು ಮಾರುವವರು ಬಂಗುಡೆಯ ತಲೆ ಮತ್ತು ಬಾಲ ಮಾತ್ರ ಚೀಲಕ್ಕೆ ಹಾಕಿ, ನಡುವಿನದ್ದನ್ನು ನೀವೇ ಊಹಿಸಿಕೊಳ್ಳಿ ಎಂದರೆ ನಮ್ಮ ಊರಿನವರು ಸುಮ್ಮನಿರುತ್ತಾರೆಯೇ? ಮಾರುಕಟ್ಟೆಯನ್ನೇ ಮಗುಚಿ ಹಾಕುತ್ತಾರೆ. ಆದರೆ ಮಗನ ಮದುವೆಯ ಫೋಟೋ ತಲೆ ಬಾಲ ಮಾತ್ರವಾಗಿ ಬಂದರೆ 'ಸೂಪರ್' ಎಂದು ಹೆಬ್ಬೆರಳು ಎತ್ತುತ್ತಾರೆ. ಇದಕ್ಕೆ ನನಗೆ ಸಿಟ್ಟು ಬರುತ್ತದೆ.

ಮನೆಯಲ್ಲಾದರೂ ನನ್ನ ಕ್ಯಾಮೆರಾಕ್ಕೆ ಮರ್ಯಾದೆ ಇದೆಯೇ ಎಂದರೆ ಅದೂ ಇಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಚರ್ಮದ ಬೆಲ್ಟಿಗೂ ಬರುತ್ತದೆ, ಕ್ಯಾಮೆರಾದ ಲೆನ್ಸಿನೊಳಗೂ ಬಂದು ಜೇಡರ ಬಲೆಯ ಹಾಗೆ ಹರಡುತ್ತದೆ. ಅದಕ್ಕಾಗಿ ನಾನು ಗಾಳಿಯ ತೇವ ತೆಗೆಯುವ ಒಂದು ಕರೆಂಟಿನ ಪೆಟ್ಟಿಗೆ ತರಿಸಿದೆ. ಗಾಜಿನ ಬಾಗಿಲು, ಒಳಗೆ ಸಣ್ಣ ದೀಪ, ತೇವ ಎಷ್ಟಿದೆ ಎಂದು ತೋರಿಸುವ ಮುಳ್ಳು. ತಂದ ಹೊಸತರಲ್ಲಿ ದೇವರ ಕೋಣೆಗೆ ಹೋಗಿ ಬಂದವನ ಹಾಗೆ ದಿನವೂ ಅದರ ಮುಂದೆ ನಿಂತು ಬರುತ್ತಿದ್ದೆ. ಆ ವರ್ಷ ಆಟಿ ತಿಂಗಳ ಜಡಿಮಳೆಯ ಒಂದು ದಿನ ಬಾಗಿಲು ತೆರೆದರೆ ಒಳಗೆ ಕ್ಯಾಮೆರಾ ಒಂದು ಮೂಲೆಯಲ್ಲಿ ಮುದುಡಿ ಕೂತಿತ್ತು. ಉಳಿದ ಜಾಗದಲ್ಲೆಲ್ಲ ಹಲಸಿನ ಹಪ್ಪಳ. ನಾನು ಕೂಗಿದ್ದಕ್ಕೆ ಶಶಿ ಅಡುಗೆಮನೆಯಿಂದಲೇ ಹೇಳಿದಳು. "ಹಪ್ಪಳಕ್ಕೂ ಬೂಷ್ಟು ಬರುವುದೇ ಅಲ್ವಾ? ನಿಮ್ಮದು ತಿನ್ಲಿಕ್ಕೆ ಆಗುವ ವಸ್ತುವಾ?" ಈಗ ನನ್ನ ಕ್ಯಾಮೆರಾ ಚೀಲವನ್ನು ಎಲ್ಲಿ ತೆರೆದರೂ ಅಕ್ಕಪಕ್ಕದವರು ಮೂಗರಳಿಸಿ, ಯಾರ ಮನೆಯಲ್ಲಿ ಹಪ್ಪಳ ಕಾಯಿಸುತ್ತಿದ್ದಾರೆ ಎಂದು ಸುತ್ತ ನೋಡುತ್ತಾರೆ.

ಇಷ್ಟೆಲ್ಲ ಅವಮಾನದ ನಡುವೆ ನನ್ನ ಪರವಾಗಿ ನಿಂತವರು ಒಬ್ಬರೇ, ಕಾಪುವಿನ ನನ್ನ ದೊಡ್ಡಮ್ಮ. ನನ್ನ ಅಮ್ಮನ ಅಕ್ಕ. ಮಗ ಸುಧಾಕರಣ್ಣ ಮಸ್ಕತ್ತಿನಲ್ಲಿದ್ದಾನೆ. ಸೊಸೆ ಪ್ರಮೀಳತ್ತಿಗೆ ಮತ್ತು ದೊಡ್ಡಮ್ಮ ಸೇರಿ ಮನೆಯ ಹಿಂದೆ ಮಲ್ಲಿಗೆ ಬೆಳೆಸುತ್ತಾರೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಹೂ ತೆಗೆದುಕೊಂಡು ಹೋಗುವವರು ಬರುವಷ್ಟರಲ್ಲಿ ಸಿದ್ಧ ಇಡಬೇಕು. ಅಷ್ಟು ಹೊತ್ತು ಆ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ, ಮೊಬೈಲು ಮುಟ್ಟುವುದಿಲ್ಲ. ಹೂ ಕೊಟ್ಟು ಕೈ ತೊಳೆದ ಮೇಲೆ ದೊಡ್ಡಮ್ಮ ಕನ್ನಡಕ ಏರಿಸಿ ಪೇಪರು ಹಿಡಿಯುತ್ತಾರೆ. ಅವರು ಓದುವುದು ಒಂದೇ ಪುಟ. ತೀರಿಕೊಂಡವರ, ವರ್ಷಾಂತಿಕದ, ಉತ್ತರಕ್ರಿಯೆಯ ಫೋಟೋಗಳು ಸಾಲಾಗಿ ಬರುವ ಪುಟ. ನಮ್ಮ ಜಿಲ್ಲೆಯಲ್ಲಿ ಆ ಪುಟವನ್ನು ಮೊದಲು ಓದುವವರು ಬಹಳ ಮಂದಿ ಇದ್ದಾರೆ. ಆದರೆ ದೊಡ್ಡಮ್ಮ ಓದುವುದು ಯಾರು ಸತ್ತರೆಂದು ತಿಳಿಯಲು ಅಲ್ಲ. ಅವರು ಫೋಟೋಗಳ ವಿಮರ್ಶೆ ಮಾಡುತ್ತಾರೆ.

"ಇವರನ್ನು ನೋಡು ಮಾರಾಯ, ರೇಷನ್ ಕಾರ್ಡಿನಿಂದ ಕಿತ್ತು ಕೊಟ್ಟಿದ್ದಾರೆ" ಎಂದು ಒಬ್ಬರ ಮೇಲೆ ಬೆರಳಿಡುತ್ತಾರೆ. "ಇವಳನ್ನು ನನಗೆ ಗೊತ್ತುಂಟು, ಶಿರ್ವದವಳು. ಇಷ್ಟು ಬಿಳಿ ಇರಲಿಲ್ಲ. ಇದೆಂತ ಸುಣ್ಣ ಬಳಿದ ಹಾಗೆ?" ಇನ್ನೊಬ್ಬರ ಹೆಗಲ ಮೇಲೆ ಯಾರದೋ ಕೈ ಉಳಿದಿರುತ್ತದೆ, ಮದುವೆಯ ಗುಂಪಿನಿಂದ ಕತ್ತರಿಸಿದ್ದು. "ಕೈ ಯಾರದ್ದು? ಅವರು ಉಂಟಾ, ಅವರೂ ಹೋದ್ರಾ?" ಎಂದು ನಿಜವಾದ ಕಾಳಜಿಯಿಂದ ಕೇಳುತ್ತಾರೆ. ಇವೆಲ್ಲ ನನಗೆ ಸಂಗೀತದ ಹಾಗೆ ಕೇಳಿಸುತ್ತಿತ್ತು. ಲೋಕದಲ್ಲಿ ಫೋಟೋದ ಗುಣಮಟ್ಟಕ್ಕಾಗಿ ಸಿಟ್ಟು ಮಾಡಿಕೊಳ್ಳುವ ಇನ್ನೊಂದು ಜೀವ ಇದೆ, ಅದೂ ನಮ್ಮ ಕುಟುಂಬದಲ್ಲೇ ಇದೆ ಎಂದು ತಿಳಿದು ನನ್ನ ಎದೆ ತುಂಬಿಬಂದಿತ್ತು.

ಒಂದು ದಿನ ಪೇಪರು ಮಡಚಿಟ್ಟು ಅವರು ಗೋಡೆಯ ಮೇಲಿದ್ದ ದೊಡ್ಡಪ್ಪನ ಫೋಟೋ ತೋರಿಸಿದರು. ದೊಡ್ಡಪ್ಪ ತೀರಿಕೊಂಡಾಗ ಮನೆಯಲ್ಲಿ ಅವರೊಬ್ಬರದೇ ಫೋಟೋ ಇರಲಿಲ್ಲವಂತೆ. ಯಾವುದೋ ಸಮಾರಂಭದ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿದ್ದ ಕಡಲೆಯಷ್ಟು ಮುಖವನ್ನು ಸ್ಟುಡಿಯೋದವರು ದೊಡ್ಡದು ಮಾಡಿ, ಕಾಣದ ಕಡೆ ಬ್ರಷ್ಷಿನಲ್ಲಿ ತಿದ್ದಿ, ಮೀಸೆ ದಪ್ಪ ಮಾಡಿ, ಕೋಟು ತೊಡಿಸಿ ಕೊಟ್ಟಿದ್ದರು. "ಅವರು ಜನ್ಮದಲ್ಲಿ ಕೋಟು ಹಾಕಿದವರಲ್ಲ" ಎಂದರು ದೊಡ್ಡಮ್ಮ. "ಬೈರಾಸು ಹೆಗಲಿಗೆ ಹಾಕಿಕೊಂಡು ಹೋಗುವವರು. ಈಗ ನಾನು ಕಣ್ಣು ಮುಚ್ಚಿ ಅವರನ್ನು ನೆನೆಸಿದ್ರೆ ಈ ಕೋಟಿನವರೇ ಬರ್ತಾರೆ. ನನ್ನ ಗಂಡನ ಮುಖ ನನಗೆ ಮರೆತೇ ಹೋಗಿದೆ ದಿನೇಶ. ಇವರು ಯಾರೋ." ಕನ್ನಡಕ ತೆಗೆದು ಒರೆಸುತ್ತ, "ನನ್ನದು ಹಾಗೆ ಆಗ್ಬಾರ್ದು. ನಾನು ಇರುವಾಗಲೇ ಒಂದು ಸರಿಯಾದದ್ದು ತೆಗೆದಿಡು. ಪೇಪರಿಗೂ ಅದೇ, ಗೋಡೆಗೂ ಅದೇ. ಮೊಮ್ಮಕ್ಕಳು ನನ್ನನ್ನು ನೆನೆಸಿದ್ರೆ ನಾನೇ ಬರ್ಬೇಕು" ಎಂದರು. ಇದಕ್ಕೆ ರಾ ಫೈಲೇ ಆಗಬೇಕು ಎಂದು ನಾನು ಹೇಳಿದೆ. "ಎಂತ ಬೇಕಾದ್ರೂ ಆಗ್ಲಿ, ಕೋಟು ಹಾಕ್ಬೇಡ" ಎಂದರು ದೊಡ್ಡಮ್ಮ.

ಮುಂದಿನ ಭಾನುವಾರ ಹಪ್ಪಳದ ಪರಿಮಳದ ಚೀಲ ಹೊತ್ತು ಹೋದೆ. ಹೊರಗೆ ಅಂಗಳದಲ್ಲಿ ಚಿನ್ನದಂಥ ಬೆಳಕಿತ್ತು. ಕುರ್ಚಿ ಅಲ್ಲಿ ಹಾಕೋಣ ಎಂದೆ. ದೊಡ್ಡಮ್ಮ ಒಪ್ಪಲಿಲ್ಲ. "ಅಲ್ಲಿ ಕೂತ್ರೆ ದಾರಿಯಲ್ಲಿ ಹೋಗುವವರೆಲ್ಲ ಎಂತ ಕಮಲಕ್ಕ ಅಂತ ಕೇಳ್ತಾರೆ. ಸಾಯುವ ಫೋಟೋ ತೆಗೆಸಿಕೊಳ್ತಾ ಇದ್ದೇನೆ ಅಂತ ಹೇಳುವುದಾ?" ಅವರು ಚಾವಡಿಯಲ್ಲಿ, ದೊಡ್ಡಪ್ಪನ ಫೋಟೋದ ಕೆಳಗೆ, ಗೋಡೆಗೆ ಒರಗಿಯೇ ಕೂತರು. ಮನೆಯಲ್ಲೇ ಬೆಳೆಯುವ ಹೂವಾದ್ದರಿಂದ ದೊಡ್ಡಪ್ಪನಿಗೆ ದಿನವೂ ಹೊಸ ಮಲ್ಲಿಗೆ ಮಾಲೆ. ಅದರ ಎರಡು ತುದಿ ದೊಡ್ಡಮ್ಮನ ತಲೆಯ ಆಚೀಚೆ ಇಳಿದಿತ್ತು. ಚಾವಡಿಯಲ್ಲಿ ಮಧ್ಯಾಹ್ನವೂ ಮುಸ್ಸಂಜೆ. ಫ್ಲಾಶು ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ, ಅದು ಮುಖವನ್ನು ಚಪ್ಪಟೆ ಮಾಡುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾದ ಕಣ್ಣನ್ನು ಚುರುಕು ಮಾಡಬೇಕು. ಚುರುಕು ಹೆಚ್ಚಿದಷ್ಟೂ ಚಿತ್ರದ ತುಂಬ ಇಲ್ಲದ ಕಾಳುಗಳು ಏಳುತ್ತವೆ. ಇದನ್ನು ನಾಯ್ಸ್ ಎನ್ನುತ್ತಾರೆ. ಮೊಬೈಲಾದರೆ ಅದನ್ನು ಹೇಳದೆ ಕೇಳದೆ ತಾನೇ ಒರಸಿಬಿಡುತ್ತದೆ. ರಾ ಫೈಲು ಸುಳ್ಳು ಹೇಳುವುದಿಲ್ಲ, ಕಾಳು ಕಾಳಾಗಿಯೇ ತೋರಿಸುತ್ತದೆ.

ತೆಗೆದದ್ದನ್ನು ಕ್ಯಾಮೆರಾದ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. "ಮುಖ ನನ್ನದೇ. ಇದರ ಮೇಲೆ ಎಂತ ಇದು, ಬಾಂಬೆ ರವೆ?" ಅದು ಬೆಳಕು ಕಡಿಮೆಯಾದ್ದರಿಂದ ಬಂದದ್ದು, ಮನೆಗೆ ಹೋಗಿ ತೆಗೆಯುತ್ತೇನೆ ಎಂದೆ. "ತೆಗಿ. ಆದ್ರೆ ರವೆ ಮಾತ್ರ ತೆಗಿ" ಎಂದು ಅವರು ಎಚ್ಚರಿಸಿದರು. ಆಗ ಅದು ಸುಲಭದ ಮಾತೆಂದು ನನಗನ್ನಿಸಿತು.

ರವೆ ಮಾತ್ರ ತೆಗೆಯುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೊಂದು ಗುಂಡಿ ಇದೆ, ಬಲಕ್ಕೆ ಎಳೆದಷ್ಟೂ ಕಾಳು ಮಾಯವಾಗುತ್ತದೆ. ಆದರೆ ಕಾಳು ಯಾವುದು, ಕಣ್ಣಿನ ಬದಿಯ ನೆರಿಗೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಸ್ವಲ್ಪ ಎಳೆದರೆ ರವೆಯ ಜೊತೆ ಗಲ್ಲದ ಮೇಲಿನ ಮಚ್ಚೆ ಮಂಕಾಯಿತು. ಇನ್ನೂ ಎಳೆದರೆ ಹಣೆಯ ಗೆರೆಗಳು ಹೋದವು. ಪೂರ್ತಿ ಎಳೆದಾಗ ದೊಡ್ಡಮ್ಮ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ ನನ್ನನ್ನೇ ನೋಡಿದರು. ಹಿಂದೆ ತಂದರೆ ರವೆ. ಮುಂದೆ ಒಯ್ದರೆ ಮೊಟ್ಟೆ. ದಿನವೂ ಕಚೇರಿಯಿಂದ ಬಂದು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ ಕೂತೆ. ಶಶಿ ಬಂದು ಇಣುಕಿ, "ನಿನ್ನೆಯದಕ್ಕೂ ಇದಕ್ಕೂ ಎಂತ ವ್ಯತ್ಯಾಸ?" ಎಂದು ಕೇಳಿದಳು. ಕುರುಡರ ಲೋಕದಲ್ಲಿ ಬದುಕುತ್ತಿದ್ದೇನೆ ಎಂದು ನನಗನ್ನಿಸಿತು. ನೆರಿಗೆ ನೆರಿಗೆಯನ್ನೂ ಬೇರೆ ಬೇರೆ ಬಿಡಿಸಿ ಕಾಪಾಡಿದೆ. ಈ ನಡುವೆ ದೊಡ್ಡಮ್ಮ ಫೋನು ಮಾಡಿ, "ಫೋಟೋ ಆಗ್ಲಿಲ್ವಾ ಮಾರಾಯ? ನೀನು ಮಾಡಿ ಮುಗಿಸುವ ತನಕ ನಾನು ಇರ್ಬೇಕಲ್ಲ" ಎಂದರು. ಪ್ರಮೀಳತ್ತಿಗೆ ಹಿಂದಿನಿಂದ, "ಆದ್ರೆ ನಮ್ಮ ಕುಟುಂಬದ ಗ್ರೂಪಿಗೆ ಹಾಕು ದಿನೇಶ, ಎಲ್ಲರೂ ನೋಡ್ಲಿ" ಎಂದು ಹೇಳಿದ್ದು ಕೇಳಿಸಿತು.

ಗ್ರೂಪಿಗೆ ಹಾಕುವುದು ಎಂದ ಕೂಡಲೇ ನನ್ನ ಮೈ ಉರಿದಿತ್ತು. ಅಷ್ಟು ದಿನ ಕಣ್ಣು ಹಾಳುಮಾಡಿಕೊಂಡು ಉಳಿಸಿದ ನೆರಿಗೆಗಳನ್ನು ಅದು ಒಂದು ಕ್ಷಣದಲ್ಲಿ ಹಿಂಡಿ ಎಸೆಯುತ್ತದೆ. ಅದಕ್ಕೆ ಉಪಾಯವಿದೆ. ಫೋಟೋವನ್ನು ಫೋಟೋ ಎಂದು ಕಳುಹಿಸದೆ ಕಡತದ ಹಾಗೆ ಕಳುಹಿಸಿದರೆ ಹಿಂಡುವುದಿಲ್ಲ, ಇದ್ದ ಹಾಗೆ ಹೋಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅತ್ಯಂತ ದೊಡ್ಡ ಗಾತ್ರದಲ್ಲಿ, ಒಂದು ಚುಕ್ಕೆಯೂ ನಷ್ಟವಾಗದ ಹಾಗೆ, ದೊಡ್ಡಮ್ಮನನ್ನು ಗ್ರೂಪಿಗೆ ಕಳುಹಿಸಿದೆ. ಜೊತೆಗೆ ಏನನ್ನೂ ಬರೆಯಲಿಲ್ಲ. ಒಳ್ಳೆಯ ಫೋಟೋ ತಾನೇ ಮಾತಾಡಬೇಕು, ಕೆಳಗೆ ಹೂವು ಹಾರ್ಟು ಹಾಕುವುದು ನನಗೆ ಆಗುವುದಿಲ್ಲ. ಆಮೇಲೆ ಮೊಬೈಲನ್ನು ಮೇಜಿನ ಮೇಲಿಟ್ಟು, ಬಹಳ ದಿನಗಳ ಮೇಲೆ ಹಗುರಾದ ಮನಸ್ಸಿನಿಂದ ಮೀನು ತರಲು ಹೊರಟೆ. ಮಾರುಕಟ್ಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. ಅವರಿಗೆ ನಾಯ್ಸ್ ಎಂದರೇನು ಎಂದು ಮೊದಲಿನಿಂದ ವಿವರಿಸಿದೆ. ಕೈಯಲ್ಲಿ ಮೀನಿನ ಚೀಲ ಇದ್ದುದರಿಂದ ಅವರು ಬೇಗ ಹೋಗಬೇಕೆಂದರು, ನನ್ನದು ಇನ್ನೂ ಮುಗಿದಿರಲಿಲ್ಲ. ಬಂಗುಡೆ ಕೊಂಡು ಮನೆಗೆ ಬರುವಾಗ ಹೊತ್ತೇರಿತ್ತು.

ಗೇಟಿನಲ್ಲಿ ಶಶಿ ಸೀರೆ ಬದಲಿಸಿ ನನ್ನ ಮೊಬೈಲು ಹಿಡಿದು ನಿಂತಿದ್ದಳು. "ದೊಡ್ಡಮ್ಮ ಹೋದ್ರಂತೆ" ಎಂದಳು. "ನಿಮಗೆ ಗೊತ್ತಿದ್ದೂ ನನಗೆ ಒಂದು ಮಾತು ಹೇಳದೆ ಮೀನಿಗೆ ಹೋದದ್ದಾ?" ಮೊಬೈಲು ಕಸಿದು ನೋಡಿದೆ. ಗ್ರೂಪಿನ ತುಂಬ 'ಓಂ ಶಾಂತಿ'. ಮುಗಿದ ಕೈಗಳು, ಅಳುವ ಮುಖಗಳು, 'ನಂಬಲಾಗುತ್ತಿಲ್ಲ', 'ದೊಡ್ಡ ಜೀವ', 'ಎಷ್ಟು ಗಂಟೆಗೆ ಬಾಡಿ ತೆಗೆಯುವುದು?'. ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹೋದರೆ ಇವೆಲ್ಲದರ ಬುಡದಲ್ಲಿ ಇದ್ದದ್ದು ನಾನು ಕಳುಹಿಸಿದ ಫೋಟೋ. ಆಗ ಅರ್ಥವಾಯಿತು. ದೊಡ್ಡ ಫೈಲು ಇಳಿಸಿಕೊಳ್ಳುವ ತನಕ ಪೂರ್ತಿ ಕಾಣುವುದಿಲ್ಲ; ಹೊಗೆ ಹಿಡಿದ ಗಾಜಿನ ಆಚೆ ಇದ್ದ ಹಾಗೆ ಒಂದು ಮಸುಕು ಚಿತ್ರ ಕಾಣುತ್ತದೆ. ಆ ಮಸುಕಿನಲ್ಲಿ ದೊಡ್ಡಮ್ಮನ ಮುಖ, ಮುಖದ ಎರಡೂ ಬದಿಗೆ ಬಿಳಿಯ ಮಾಲೆ. ಕೆಳಗೆ ಒಂದಕ್ಷರ ಬರವಣಿಗೆ ಇಲ್ಲ. ನಮ್ಮ ಕಡೆ ವಯಸ್ಸಾದವರ ಇಂಥ ನೇರ ಮುಖದ ಫೋಟೋ ಮಾತಿಲ್ಲದೆ ಗ್ರೂಪಿಗೆ ಬಂದರೆ ಅದಕ್ಕೆ ಒಂದೇ ಅರ್ಥ.

ಶಶಿಗೆ ವಿಷಯ ವಿವರಿಸುವಾಗ ನನಗೆ ಬಂದ ಸಿಟ್ಟು ಎಂಥದ್ದೆಂದು ಹೇಳುತ್ತೇನೆ, ನೀವೇ ನ್ಯಾಯ ಹೇಳಿ. ಬದುಕಿದ್ದವರನ್ನು ಕೊಂದರಲ್ಲ ಎಂದು ನನಗೆ ಸಿಟ್ಟು ಬರಲಿಲ್ಲ. ಒಬ್ಬರೂ, ಇಡೀ ಕುಟುಂಬದಲ್ಲಿ ಒಬ್ಬರೂ, ಆ ಫೈಲನ್ನು ಇಳಿಸಿಕೊಂಡಿರಲಿಲ್ಲ. ತೆರೆದಿದ್ದರೆ ಮಾಲೆ ಗೋಡೆಯದ್ದೆಂದು ಕಾಣುತ್ತಿತ್ತು, ಮೇಲೆ ದೊಡ್ಡಪ್ಪನ ಕೋಟಿನ ಗುಂಡಿ ಕಾಣುತ್ತಿತ್ತು, ಕಣ್ಣಿನ ಬದಿಯ ನೆರಿಗೆಗಳಲ್ಲಿ ಜೀವ ಕಾಣುತ್ತಿತ್ತು. ಯಾರೋ ಒಬ್ಬರು ಆ ಮಸುಕನ್ನೇ ಪರದೆಯಿಂದ ಕತ್ತರಿಸಿ, ಎರಡು ಬದಿಗೆ ಕಾಲುದೀಪ ಜೋಡಿಸಿ, 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದು ಹಾಕಿದ್ದರು. ಉಳಿದವರು ಅದನ್ನು ಊರಿಗೆಲ್ಲ ಹಂಚಿದ್ದರು. ಇಷ್ಟು ದಿನ ಕೂತು ಬಿಡಿಸಿದ ನೆರಿಗೆಗಳು ಫೈಲಿನೊಳಗೆ ಮುಚ್ಚಿದ ಹಾಗೆಯೇ ಇವೆ, ಊರು ಅಳುತ್ತಿರುವುದು ಬೆರಳಿನ ಉಗುರಿನಷ್ಟಿದ್ದ ಕೆಸರಿಗೆ. "ನೋಡಿದೆಯಾ, ಶ್ರದ್ಧಾಂಜಲಿಯನ್ನೂ ಹಿಂಡಿ ಹಾಕಿದ್ದಾರೆ" ಎಂದು ನಾನು ಕೂಗಿದೆ. "ಮೊದಲು ಫೋನು ಮಾಡಿ" ಎಂದಳು ಶಶಿ. ಕಾಪುವಿನಲ್ಲಿ ಯಾರೂ ಎತ್ತಲಿಲ್ಲ. ಅದು ಹೂ ಕಟ್ಟುವ ಹೊತ್ತು. ಪುಣ್ಯಕ್ಕೆ ಸುಧಾಕರಣ್ಣ ಮಸ್ಕತ್ತಿನಲ್ಲಿ ಕೆಲಸದ ವೇಳೆ ಮೊಬೈಲನ್ನು ಬೀರುವಿನಲ್ಲಿ ಇಡುತ್ತಾನೆ. ಅವನು ನೋಡುವ ಮೊದಲೇ ಇದನ್ನು ಸರಿಮಾಡಬೇಕು. 'ದೊಡ್ಡಮ್ಮ ಬದುಕಿದ್ದಾರೆ, ದಯವಿಟ್ಟು ಫೈಲು ಇಳಿಸಿಕೊಳ್ಳಿ' ಎಂದು ಗ್ರೂಪಿಗೆ ಬರೆದು, ಇಬ್ಬರೂ ಸ್ಕೂಟರ್ ಹತ್ತಿದೆವು.

ನನ್ನ ಬರಹವನ್ನು ದಾರಿಯಲ್ಲಿದ್ದವರು ಯಾರೂ ಓದಲಿಲ್ಲವೆಂದು ಕಾಪು ಮುಟ್ಟಿದ ಮೇಲೆ ತಿಳಿಯಿತು. ದೊಡ್ಡಮ್ಮನ ಗೇಟಿನ ಎದುರು ಎರಡು ಕಾರು ನಿಂತಿದ್ದವು. ಶಿರ್ವದ ಲೀನಾ ಬಾಯಿ, ದೊಡ್ಡಮ್ಮನ ಹಳೆಯ ಸ್ನೇಹಿತೆ, ಶವದ ಮೇಲಿಡುವ ದುಂಡಗಿನ ಹೂವಿನ ರೀತು ಹಿಡಿದು ಆಟೋದಿಂದ ಇಳಿಯುತ್ತಿದ್ದರು. ಕಾರೊಂದರಿಂದ ಇಳಿದವರನ್ನು ನೋಡಿ ನಾನು ಸ್ಕೂಟರ್ ನಿಲ್ಲಿಸುವುದನ್ನೇ ಮರೆತೆ. ಕಾರ್ಕಳದ ಶೀನ ಮಾವ. ದೊಡ್ಡಮ್ಮನ ಸ್ವಂತ ತಮ್ಮ. ಸುಧಾಕರಣ್ಣನ ಮದುವೆಯಲ್ಲಿ ಸೋದರಮಾವನಾದ ತನ್ನನ್ನು ಕರೆಯದೆ ಧಾರೆ ಎರೆಸಿದರೆಂದು ಅಂದಿನಿಂದ ಈ ಮನೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಹೆಂಡತಿಯ ಹೆಗಲು ಹಿಡಿದುಕೊಂಡು ನಡೆಯುತ್ತಿದ್ದರು. ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದವರು ನನ್ನ ಸ್ಕೂಟರಿನ ಕೊಕ್ಕೆಯನ್ನು ನೋಡಿ ಹಾಗೆಯೇ ನಿಂತರು. ಅವಸರದಲ್ಲಿ ಮೀನಿನ ಚೀಲ ಅಲ್ಲೇ ಉಳಿದಿತ್ತು. ಬಂಗುಡೆಯ ಬಾಲಗಳು ಹೊರಗೆ ಕಾಣುತ್ತಿದ್ದವು. ಸಾವಿನ ಮನೆಗೆ ಮೀನು ಹಿಡಿದು ಬಂದವನನ್ನು ನಮ್ಮ ಕಡೆ ಹೇಗೆ ನೋಡುತ್ತಾರೋ ಹಾಗೆ ಎಲ್ಲರೂ ನನ್ನನ್ನು ನೋಡಿದರು. "ನಿನ್ನ ಅಮ್ಮನಿಗಿಂತ ಹೆಚ್ಚಾಗಿ ನೋಡಿಕೊಂಡವಳು ಅವಳು" ಎಂದರು ಶೀನ ಮಾವ. ನಾನು ಫೈಲಿನ ಗಾತ್ರದ ವಿಷಯ ಎತ್ತಿದೆ. ಅವರು ಕೇಳಿಸಿಕೊಳ್ಳದೆ ಒಳಗೆ ನಡೆದರು.

ಜಗಲಿಯಲ್ಲಿ ದೊಡ್ಡಮ್ಮ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದರು. ಶೀನ ಮಾವ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವರು ಇನ್ನೊಂದು ಕಾಲು ಎತ್ತಲಿಲ್ಲ. ದೊಡ್ಡಮ್ಮ ತಲೆ ಎತ್ತಿ ನೋಡಿದರು. ನಾರು ಹಲ್ಲಿನ ನಡುವೆ ಕಚ್ಚಿಕೊಂಡದ್ದನ್ನು ತೆಗೆದು, "ಯಾರು, ಶೀನನಾ?" ಎಂದರು. ಹಿಂದಿನಿಂದ ಯಾರೋ, ನೀವು ತೀರಿಕೊಂಡಿರೆಂದು ಸುದ್ದಿ ಬಂತು ಎಂದು ಮೆಲ್ಲಗೆ ಹೇಳಿದರು. ದೊಡ್ಡಮ್ಮ ಅದನ್ನು ಕೇಳಿ, ತಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಸತ್ರೆ ಮಾತ್ರ ಬರುವುದಾ ನೀನು?" ಎಂದು ಕೇಳಿದರು. ಶೀನ ಮಾವ ಮೆಟ್ಟಿಲಿನ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು. ತಮ್ಮನ ಕಡೆ ಬಾಗುವಾಗ ದೊಡ್ಡಮ್ಮನ ಮಡಿಲಿನ ಮೊಗ್ಗು ಚೆಲ್ಲಿತು. "ಕೂತದ್ದು ಕೂತಿ, ಇದನ್ನು ಹೆಕ್ಕು. ಹೂವಿನವ ಬರುವ ಹೊತ್ತಾಯ್ತು" ಎಂದರು. ಅವರು ಅಳುತ್ತಲೇ ಹೆಕ್ಕಿದರು. ಆಮೇಲೆ ಬಂದವರೆಲ್ಲ ಕೂತು ಹೂ ಕಟ್ಟಲು ಸೇರಿದರು. ಲೀನಾ ಬಾಯಿ ತಂದಿದ್ದ ರೀತನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದರು. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೆಯ ಹೂವೇ ಹಾಕಿಸಿದ್ದಿ ಲೀನಾ" ಎಂದು ಮೆಚ್ಚಿಕೊಂಡರು.

ಸತ್ತವರು ಬದುಕಿದ ಮೇಲೆ ಜನರಿಗೆ ಸಿಟ್ಟು ತೋರಿಸಲು ಯಾರಾದರೂ ಬೇಕಾಗುತ್ತದೆ. ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಫೋಟೋ ಯಾಕೆ ಹಾಕಿದೆ, ಕೆಳಗೆ ಒಂದು ಗುಡ್ ಮಾರ್ನಿಂಗ್ ಆದರೂ ಬರೆಯಬಾರದಿತ್ತೇ, ಸಣ್ಣದಾಗಿ ಕಳುಹಿಸಿದ್ದರೆ ಕೂಡಲೇ ಕಾಣುತ್ತಿರಲಿಲ್ಲವೇ. ಸಣ್ಣದಾಗಿ ಎಂಬ ಮಾತು ಕೇಳಿದ್ದೇ ನನ್ನ ತಾಳ್ಮೆ ಮುಗಿಯಿತು. ಅಂಗಳದ ನಡುವೆ ನಿಂತು, ಬೆರಳೆತ್ತಿ, ಇಷ್ಟು ವರ್ಷ ಬಸ್ಸಿನಲ್ಲಿ ಅರ್ಧಕ್ಕೆ ನಿಂತದ್ದನ್ನೆಲ್ಲ ಮೊದಲಿನಿಂದ ಕೊನೆಯ ತನಕ ಹೇಳಿದೆ. ರಾ ಎಂದರೇನು, ಹಿಂಡುವುದು ಎಂದರೇನು, ನಾಯ್ಸ್ ತೆಗೆಯುವಾಗ ನೆರಿಗೆ ಉಳಿಸುವುದು ಎಂಥ ಕೆಲಸ, ನೀವೆಲ್ಲ ತೆರೆಯದೆಯೇ ಅತ್ತ ಜನ. ಯಾರೂ ಇಳಿದು ಹೋಗುವ ಹಾಗಿರಲಿಲ್ಲ, ಎಲ್ಲರ ಕೈಯಲ್ಲೂ ಹೂ ಇತ್ತು. ಪ್ರಮೀಳತ್ತಿಗೆ ಮಾತ್ರ ಬಾಗಿಲಿನ ಮರೆಯಿಂದ ಮೊಬೈಲು ಹಿಡಿದು ನನ್ನ ಕಡೆ ಏನೋ ಮಾಡುತ್ತಿದ್ದುದು ಕಣ್ಣಿಗೆ ಬಿತ್ತು. ಆ ಹೊತ್ತಿನಲ್ಲಿ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಂಗುಡೆ ಅಲ್ಲಿಯೇ ಸಾರಾಯಿತು. ಶೀನ ಮಾವ ಎರಡು ಸಲ ಹಾಕಿಸಿಕೊಂಡರು. ಊಟದ ಮೇಲೆ ನಾನು ಹೊರಡುವಾಗ ಶಶಿಯ ಚೀಲಕ್ಕೆ ತುರುಕಿದ್ದ ನನ್ನ ಟ್ಯಾಬು ತೆಗೆದು ಆ ಫೋಟೋವನ್ನು ದೊಡ್ಡಮ್ಮನ ಎದುರು ಪೂರ್ತಿಯಾಗಿ ತೆರೆದೆ. ಅವರು ಬಹಳ ಹೊತ್ತು ನೋಡಿದರು. ಮಚ್ಚೆ ಮುಟ್ಟಿದರು, ಹಣೆಯ ಗೆರೆಗಳ ಮೇಲೆ ಬೆರಳು ಹಾಯಿಸಿದರು. "ಚೆಂದ ಉಂಟು. ನಾನೇ" ಎಂದರು. ಇಷ್ಟು ದಿನದ ಕಷ್ಟಕ್ಕೆ ಆ ಒಂದು ಶಬ್ದ ಸಾಕಾಗಿತ್ತು. ಆದರೆ ಅವರು ಟ್ಯಾಬನ್ನು ನನ್ನ ಕೈಗೆ ಹಿಂದೆ ಕೊಟ್ಟರು. "ಇದು ಇನ್ನು ಬೇಡ ಮಗ. ಇದನ್ನು ನೋಡಿ ಎಲ್ಲರೂ ಒಮ್ಮೆ ಅತ್ತಾಗಿದೆ. ನಾನು ನಿಜವಾಗಿ ಹೋದಾಗ ಇದನ್ನೇ ಹಾಕಿದ್ರೆ, ಓ, ಇದು ಅವತ್ತಿನದ್ದೇ ಅಂತ ಒಬ್ಬರೂ ಕಾರಿನಿಂದ ಇಳಿಯುವುದಿಲ್ಲ. ಬೇರೆ ತೆಗಿ." ನಾನು ವಾದಿಸಲು ಹೊರಟೆ. ಅವರು ಶೀನ ಮಾವನ ಕಡೆ ಒಮ್ಮೆ ನೋಡಿದರು, ನಾನು ಟ್ಯಾಬನ್ನು ಚೀಲಕ್ಕೆ ಹಾಕಿದೆ.

ಇಲ್ಲಿಗೆ ಮುಗಿಯಬಹುದಿತ್ತು. ಮರುದಿನ ಪೇಪರಿನ ಪುಟ ನೋಡುತ್ತ ದೊಡ್ಡಮ್ಮನಿಗೆ ಹೊಸ ಚಿಂತೆ ಹತ್ತಿತಂತೆ. ಫೋನಿನಲ್ಲಿ ಶಶಿಯನ್ನು ಕೇಳಿದರು, "ಎಲ್ಲರದ್ದೂ ತೆಗೆಯುತ್ತಾನಲ್ಲ, ಅವನದ್ದು ಉಂಟಾ ಒಂದು?" ಶಶಿ ಮನೆಯೆಲ್ಲ ಹುಡುಕಿದಳು. ಕ್ಯಾಮೆರಾದ ಹಿಂದೆಯೇ ಇದ್ದವನ ಫೋಟೋ ಎಲ್ಲಿಂದ ಬರಬೇಕು? ಆಗ ಪ್ರಮೀಳತ್ತಿಗೆ ಬಾಗಿಲಿನ ಮರೆಯಿಂದ ಮೊಬೈಲಿನಲ್ಲಿ ತೆಗೆದದ್ದು ಹೊರಗೆ ಬಂತು. ಅಷ್ಟರಲ್ಲಿ ಅದು ಗ್ರೂಪಿನಿಂದ ಗ್ರೂಪಿಗೆ ಹೋಗಿ, ಕಾರ್ಕಳಕ್ಕೂ ಮಸ್ಕತ್ತಿಗೂ ಹೋಗಿ, ಹಿಂಡಿ ಹಿಂಡಿ ಚೌಕ ಚೌಕವಾಗಿತ್ತು. ಅಂಗಳದ ನಡುವೆ ಒಬ್ಬ ಮನುಷ್ಯ ಬೆರಳು ಮೇಲೆತ್ತಿ, ಬಾಯಿ ಪೂರ್ತಿ ತೆರೆದು, ಕಣ್ಣು ಕೆಂಪು ಮಾಡಿ ನಿಂತಿದ್ದ. ಮೂಗಿಗೂ ಕೆನ್ನೆಗೂ ಗಡಿಯೇ ಇರಲಿಲ್ಲ. ದೊಡ್ಡಮ್ಮ ಅದನ್ನು ನೋಡಿದ ಕೂಡಲೇ ತೀರ್ಪು ಕೊಟ್ಟಿದ್ದರು. "ಇದು ಅವನೇ. ಪೇಪರಿಗೆ ಇದನ್ನೇ ಕೊಡ್ಬೇಕು."

ಹಾಗೆ ಬಿಡುವುದು ಹೇಗೆ? ನಾನು ಪ್ರಮೀಳತ್ತಿಗೆಯ ಹತ್ತಿರ ಮೂಲ ಫೈಲು ಕೇಳಿದೆ. ಜಾಗ ಇಲ್ಲವೆಂದು ಅಳಿಸಿದ್ದಳಂತೆ. ಇದ್ದದ್ದನ್ನೇ ಕಂಪ್ಯೂಟರಿಗೆ ಹಾಕಿ, ಚೌಕಗಳನ್ನು ಕರಗಿಸಿ, ಕಾಳು ತೆಗೆದು, ಅಂಚು ನಯ ಮಾಡುತ್ತ ಕೂತೆ. ಗುಂಡಿಯನ್ನು ಬಲಕ್ಕೆ ಎಳೆಯುತ್ತ ಹೋದ ಹಾಗೆ ಹುಬ್ಬಿನ ಗಂಟು ಬಿಚ್ಚಿತು, ಕೆಂಪು ಕಣ್ಣು ತಿಳಿಯಾಯಿತು, ಕೂಗುತ್ತಿದ್ದ ಬಾಯಿ ಭಜನೆ ಹೇಳುವವನ ಬಾಯಾಯಿತು, ಮೇಲೆತ್ತಿದ ಬೆರಳು ಯಾರಿಗೋ ದಾರಿ ತೋರಿಸುವವನ ಬೆರಳಾಯಿತು. ಅಷ್ಟರಲ್ಲಿ ಶಶಿ ಚಹಾ ತಂದವಳು ಹಿಂದೆ ನಿಂತು ನೋಡಿದಳು. ಎಂದೂ ನನ್ನ ಪರದೆಯ ಮುಂದೆ ನಿಲ್ಲದವಳು ಅಂದು ಲೋಟ ಕೈಯಲ್ಲೇ ಹಿಡಿದು ನಿಂತೇ ಇದ್ದಳು. "ಪಾಪದವರ ಹಾಗೆ ಕಾಣ್ತಾರಲ್ಲ. ಯಾರಿವರು?" ಎಂದಳು. ನಾನು ಅದನ್ನು ಅಳಿಸಿಬಿಟ್ಟೆ. ಅಳಿಸುವ ಮೊದಲೇ ಅವಳು ಪರದೆಯಿಂದ ಒಂದು ಫೋಟೋ ಹೊಡೆದುಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಈಗ ನಾನು ಮನೆಯಲ್ಲಿ ಸಿಟ್ಟಿನಿಂದ ಮಾತಾಡತೊಡಗಿದರೆ ಅವಳು ಎದುರು ಮಾತಾಡುವುದಿಲ್ಲ. ಮೊಬೈಲು ತೆಗೆದು, ನಾನು ಮುಗಿಸುವ ತನಕ, ಆ ಪಾಪದ ಮನುಷ್ಯನನ್ನು ನೋಡುತ್ತ ಕೂರುತ್ತಾಳೆ.